ಸವದತ್ತಿ ದಾಟದ ಕಂಪ್ಯೂಟರ್

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ಅಲ್ಲಿಗೆ ಬರುವವರು ಸಾಮಾನ್ಯವಾಗಿ ಎರಡೇ ದೂರು ತರುತ್ತಾರೆ: ಕಂಪ್ಯೂಟರ್ ನಿಧಾನವಾಗಿದೆ, ಇಲ್ಲವೇ ಪ್ರಿಂಟರ್ ಕಾಗದ ನುಂಗಿದೆ. ಹಾಗಾಗಿ ಕಳೆದ ವರ್ಷ ದೀಪಾವಳಿ ಮುಗಿದ ವಾರ ಬಿಳಿ ಗಡ್ಡದ ಹಿರಿಯರೊಬ್ಬರು ಬಂದು, ಕುರ್ಚಿ ಎಳೆದುಕೊಂಡು ಕುಳಿತು, "ತಂಗೀ, ಗೇಮ್ ಆಡೂ ಕಂಪ್ಯೂಟರ್ ಬೇಕಾಗೇತಿ. ಭಾರಿದ್ದ ಬೇಕು" ಎಂದಾಗ, ಮೊಮ್ಮಗನಿಗಿರಬೇಕು ಎಂದುಕೊಂಡೆ.

"ಆಡೂ ಹುಡುಗನ ವಯಸ್ಸೆಷ್ಟ್ರಿ?"

"ಅರವತ್ತೆರಡ," ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ನೇಸರಗಿಯವರು, ಸರ್ಕಾರಿ ಬಸ್ಸಿನ ಚಾಲಕರಾಗಿ ನಿವೃತ್ತರಾದವರು. ಮೊದಲ ದಿನವೇ ನಾನು ಅವರನ್ನು ಚಾಚಾ ಎನ್ನತೊಡಗಿದೆ. ನಿವೃತ್ತಿಯಾದ ಮೇಲೆ ಎದೆಗೆ ಸ್ಟೆಂಟ್ ಹಾಕಿಸಿಕೊಂಡಿದ್ದರು, ಇನ್ನು ದೊಡ್ಡ ಗಾಡಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಕೈ ಕೇಳಬೇಕಲ್ಲ! ಲಾರಿ, ಬಸ್ಸು ಓಡಿಸುವ ಕಂಪ್ಯೂಟರ್ ಆಟವೊಂದನ್ನು ಹಚ್ಚಿಕೊಂಡರು. ಆ ಆಟದಲ್ಲಿ ಬೇಕಾದ ರಸ್ತೆಯನ್ನು ನಾವೇ ಕಟ್ಟಿಕೊಳ್ಳಬಹುದು. ಚಾಚಾ ಎರಡು ವರ್ಷ ಕುಳಿತು, ತಾವು ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ರಸ್ತೆಯನ್ನೇ ಕಟ್ಟಿದ್ದರು. ಕಿತ್ತೂರಿನಿಂದ ಹೊರಟು, ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗ. ಹತ್ತಿಯ ಹೊಲ, ಬೇವಿನ ಮರ, ಕಬ್ಬಿನ ಟ್ರ್ಯಾಕ್ಟರು, ಸ್ಟ್ಯಾಂಡಿನ ಚಹಾದ ಅಂಗಡಿ, ಒಂದನ್ನೂ ಬಿಟ್ಟಿರಲಿಲ್ಲ. ಆದರೆ ಅವರ ಹಳೆಯ ಕಂಪ್ಯೂಟರಿಗೆ ಆ ರಸ್ತೆಯ ಭಾರ ತಡೆಯುತ್ತಿರಲಿಲ್ಲ. ಬಸ್ಸು ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು.

"ಬರೇ ಆಡಾಕ ಅಲ್ಲವಾ," ಎಂದರು ಚಾಚಾ. "ನಂದೊಂದ ಟ್ರಿಪ್ ಅರ್ಧಾ ಉಳದೈತಿ. ರಿಟೈರ್ ಆಗೂ ದಿನ ಕಿತ್ತೂರಿಂದ ಗಾಡಿ ತಗೊಂಡು ಹೊಂಟ್ವಿ. ಗಾಡಿಗೆ ಮಾಲಿ ಹಾಕಿದ್ರು. ಸವದತ್ತಿ ಸ್ಟ್ಯಾಂಡಿನ್ಯಾಗ ಬಂದ್ ಬಿತ್ತು ನೋಡು, ಮುಂದಕ್ಕ ಅಲ್ಲಾಡಲಿಲ್ಲ. ಪ್ಯಾಸೆಂಜರನ್ನ ಬ್ಯಾರೆ ಗಾಡಿ ಹತ್ತಿಸಿದ್ವಿ. ಸಂಜೀಕ ಡಿಪೋದಾಗ ಶಾಲು ಹೊದಿಸಿದ್ರು, ಮುಗೀತು. ನಾವು ರಾಮದುರ್ಗ ಮುಟ್ಟಲೇ ಇಲ್ಲ."

'ನಾವು' ಎಂದರೆ ಚಾಚಾ ಮತ್ತು ಅವರ ಕಂಡಕ್ಟರು. ಅಷ್ಟೂ ವರ್ಷ ಒಂದೇ ಗಾಡಿಯಲ್ಲಿ ದುಡಿದ ಜೋಡಿ. ಕಂಡಕ್ಟರು ಈಗ ರಾಮದುರ್ಗದಲ್ಲಿದ್ದಾರೆ, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂದವಾಗುತ್ತಿದೆ. ಮೂರು ವಾರ ಕಳೆದ ಮೇಲೆ ಬರುವ ಸೋಮವಾರ ಅವರಿಗೆ ಕಣ್ಣಿನ ಆಪರೇಷನ್ ಇತ್ತು. ಆಮೇಲೆ ಎಷ್ಟು ಕಾಣುತ್ತದೆಂದು ಡಾಕ್ಟರೂ ಖಾತ್ರಿ ಕೊಟ್ಟಿರಲಿಲ್ಲ. ಅದರ ಹಿಂದಿನ ದಿನ, ರವಿವಾರ, ಅವರನ್ನು ನೇಸರಗಿಗೆ ಕರೆಸಿ, ಮೂರು ದೊಡ್ಡ ಪರದೆಗಳ ಮುಂದೆ ಕೂರಿಸಿಕೊಂಡು ಆ ಟ್ರಿಪ್ ಮುಗಿಸಬೇಕು. ಇದು ಚಾಚಾ ಅವರ ಹಂಚಿಕೆ. ಹಿಂದೆಮುಂದೆ ನೋಡದೆ, "ಆಗತೈತಿ ತಗೋರಿ" ಎಂದು ದೊಡ್ಡದಾಗಿ ಹೇಳಿಬಿಟ್ಟೆ.

ಹೇಳಿದ ಮೇಲೆ ದಿಗಿಲಾಯಿತು. ಕಚೇರಿ, ಸೊಸೈಟಿ, ಶಾಲೆಗಳಿಗೆ ಕಂಪ್ಯೂಟರ್ ಜೋಡಿಸಿದ್ದೆನೇ ಹೊರತು ಇಂಥದ್ದನ್ನು ಮುಟ್ಟಿರಲಿಲ್ಲ. ನಾಲ್ಕು ದಿನ ಓದಿ, ಕೇಳಿ, ಪ್ರೊಸೆಸರ್ ಯಾವುದು, ಮೂರು ಪರದೆಗಳನ್ನು ಎಳೆಯಬಲ್ಲ ಗ್ರಾಫಿಕ್ಸ್ ಕಾರ್ಡ್ ಯಾವುದು, ಗಾಳಿಯಾಡುವ ಕ್ಯಾಬಿನೆಟ್ ಯಾವುದು ಎಂದು ಒಂದೊಂದನ್ನೂ ಅಳೆದು ತೂಗಿ ಆರಿಸಿದೆ. ನಿಜವಾಗಿ ತೂಗಿದ್ದು ಮಾತ್ರ ಒಂದನ್ನೇ, ಎಸ್‌ಎಂಪಿಎಸ್ಸನ್ನು. ಗೋಡೆಯ ಕರೆಂಟನ್ನು ಇಳಿಸಿ ಕಂಪ್ಯೂಟರಿನ ಭಾಗಗಳಿಗೆಲ್ಲ ಹಂಚುವ ಕಬ್ಬಿಣದ ಡಬ್ಬಿ ಅದು.

ನಮ್ಮ ಕಡೆ ಕಂಪ್ಯೂಟರ್ ಜೋಡಿಸುವವರಲ್ಲಿ ಒಂದು ರೂಢಿಯಿದೆ. ಎಸ್‌ಎಂಪಿಎಸ್ ಕೊಳ್ಳುವಾಗ ಅದನ್ನು ಅಂಗೈ ಮೇಲಿಟ್ಟು, ಕಲ್ಲಂಗಡಿ ಹಣ್ಣು ಆರಿಸುವವರ ಹಾಗೆ ಎರಡು ಸಲ ಮೇಲೆ ಕೆಳಗೆ ಆಡಿಸುತ್ತೇವೆ. ಭಾರವಿದ್ದರೆ ಒಳಗೆ ತಾಮ್ರವಿದೆ, ಹಗುರವಿದ್ದರೆ ಮೋಸವಿದೆ. ನನಗೆ ಕೆಲಸ ಕಲಿಸಿದ ಉಸ್ತಾದರೂ ಹೀಗೇ ಮಾಡುತ್ತಿದ್ದರು, ನಾನೂ ಹೀಗೇ ಮಾಡುತ್ತ ಬಂದವಳು. ಹದಿನಾರು ವರ್ಷದಲ್ಲಿ ಕೈ ಸುಳ್ಳು ಹೇಳಿರಲಿಲ್ಲ. ಹೋಲ್‌ಸೇಲ್ ವ್ಯಾಪಾರಿ ಕಳಿಸಿದ ಮೂರರಲ್ಲಿ ಒಂದು ಕಲ್ಲಿನಷ್ಟು ಭಾರವಿತ್ತು. ಮೈಮೇಲೆ ದಪ್ಪ ಅಕ್ಷರದಲ್ಲಿ ಏಳುನೂರೈವತ್ತು ವ್ಯಾಟ್ ಎಂದು ಬರೆದಿತ್ತು. ಇದೇ ಗಟ್ಟಿ ಆಸಾಮಿ ಎಂದು ಹಾಕಿದೆ.

ನೇಸರಗಿಯ ಮನೆಯಲ್ಲಿ ಎಲ್ಲವನ್ನೂ ಜೋಡಿಸಿದ ದಿನ ಚಾಚಾ ಹೊಸ ಖಾಕಿ ಅಂಗಿ ಹಾಕಿಕೊಂಡು ಕುಳಿತಿದ್ದರು. ನಿಜವಾದ ಬಸ್ಸಿನ ಸೀಟನ್ನೇ ಎಲ್ಲಿಂದಲೋ ತಂದು ನೆಲಕ್ಕೆ ಬೋಲ್ಟ್ ಹಾಕಿಸಿದ್ದರು. ಮುಂದೆ ಸ್ಟೀರಿಂಗು, ಕಾಲಡಿ ಕ್ಲಚ್ಚು, ಬ್ರೇಕು. ಕಿತ್ತೂರು ಬಿಟ್ಟ ಬಸ್ಸು ಬೆಣ್ಣೆಯಂತೆ ಓಡಿತು. ಬೈಲಹೊಂಗಲದಲ್ಲಿ ನನ್ನ ಅಂಗಡಿಯ ಓಣಿಯೂ ಕಾಣಿಸಿತು, ಬಾಗಿಲು ಹಾಕಿತ್ತು.

"ಚಾಚಾ, ನನ್ನ ಅಂಗಡಿ ಯಾಕ ಬಂದ್ ಇಟ್ಟೀರಿ?"

"ನೀ ಇಲ್ಲಿ ಕುಂತೀಯಲ್ಲವಾ!"

ನಗುತ್ತಲೇ ಸವದತ್ತಿ ಬಂತು. ಬಸ್ಸು ಸ್ಟ್ಯಾಂಡಿನೊಳಗೆ ತಿರುಗಿತು. ಟಪ್ ಎಂದಿತು. ಮೂರೂ ಪರದೆ ಕಪ್ಪು, ಫ್ಯಾನು ನಿಂತಿತು. ಮತ್ತೆ ಹಚ್ಚಿದೆವು, ಮತ್ತೆ ಅದೇ ಜಾಗ. ಮೂರನೆಯ ಸಲವೂ ಅದೇ. ಚಾಚಾ ಸ್ಟೀರಿಂಗ್ ಮೇಲಿನ ಕೈ ತೆಗೆಯದೆ ಕಪ್ಪು ಪರದೆಯನ್ನು ನೋಡುತ್ತ ಕುಳಿತರು. "ಈ ಸ್ಟ್ಯಾಂಡ ನನಗ ಬಿಡಂಗಿಲ್ಲ ಅಂತೈತಿ. ನಿಂಬಿಹಣ್ಣು ಕಟ್ಟೂಣೇನು?" ಎಂದು ನಗಲು ನೋಡಿದರು. ಆ ನಗು ಅರ್ಧಕ್ಕೇ ನಿಂತಿತು. ಅದನ್ನು ಕಂಡ ಮೇಲೆ ನನಗೆ ಊಟ ರುಚಿಸಲಿಲ್ಲ.

ಆ ವಾರವಿಡೀ ಕಂಪ್ಯೂಟರನ್ನು ಅಂಗಡಿಗೆ ತಂದು ಹೆಣಗಾಡಿದೆ. ಬಿಸಿಯಾಗುತ್ತಿರಬೇಕು ಎಂದು ಪ್ರೊಸೆಸರಿನ ಮೇಲಿನ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ರ‍್ಯಾಮ್ ಕಿತ್ತು ಜಾಗ ಬದಲಿಸಿದೆ. ಸಾಫ್ಟ್‌ವೇರ್ ಪೂರಾ ಅಳಿಸಿ ಮತ್ತೆ ಹಾಕಿದೆ. ಪ್ರೊಸೆಸರನ್ನು ಸತಾಯಿಸುವ ಪರೀಕ್ಷೆಯನ್ನು ಒಂದಿಡೀ ದಿನ ಓಡಿಸಿದೆ, ಕಂಪ್ಯೂಟರ್ ಕಮಕ್ ಕಿಮಕ್ ಎನ್ನಲಿಲ್ಲ. ಹಾಗಾದರೆ ಚಾಚಾ ಮನೆಯ ಕರೆಂಟೇ ಸರಿಯಿಲ್ಲ ಎಂದು ತೀರ್ಮಾನಿಸಿದೆ. ಗಿರಾಕಿಯ ಮನೆಯ ವೈರಿಂಗಿನ ಮೇಲೆ ಗೂಬೆ ಕೂರಿಸುವುದು ನಮ್ಮ ದಂಧೆಯಲ್ಲಿ ಹಳೆಯ ಅಭ್ಯಾಸ.

ಸೋಮವಾರ ಚಾಚಾ ಅಂಗಡಿಗೇ ಬಂದರು. ಸ್ಟೀರಿಂಗನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದಿದ್ದರು. ನನ್ನ ಮೇಜಿಗೆ ಅದನ್ನು ಬಿಗಿದು ಗಾಡಿ ಬಿಟ್ಟರು. ಸವದತ್ತಿ ಸ್ಟ್ಯಾಂಡಿಗೆ ಹೋಗುತ್ತಲೇ ಟಪ್. ಅಂದರೆ ಅವರ ಮನೆಯ ಕರೆಂಟಿನ ತಪ್ಪೇನೂ ಇರಲಿಲ್ಲ. ರವಿವಾರಕ್ಕೆ ಆರೇ ದಿನ ಉಳಿದಿತ್ತು.

"ಚಾಚಾ, ಆ ಸ್ಟ್ಯಾಂಡಿನ್ಯಾಗ ಎಷ್ಟ ಮಂದಿನ್ನ ಇಟ್ಟೀರಿ?"

"ಗುಡ್ಡದ ಹುಣ್ಣಿಮಿ ಜಾತ್ರಿ ದಿನ ಎಷ್ಟಿರತಾರೋ ಅಷ್ಟ."

"ಅದಕ್ಕ ಭಾರ ಆಗಾಕ ಹತ್ತೇತಿ. ಅರ್ಧಾ ಮಂದಿನ್ನ ತಗದ್ರ ಹೆಂಗ?"

ಚಾಚಾ ನನ್ನನ್ನು ದುರುಗುಟ್ಟಿ ನೋಡಿದರು. "ಅವ್ರೆಲ್ಲಾ ನನ್ನ ಪ್ಯಾಸೆಂಜರ್ ಅದಾರ ತಂಗೀ. ಒಮ್ಮೆ ಇಳಿಸಿ ಬ್ಯಾರೆ ಗಾಡಿ ಹತ್ತಿಸಿದ್ದ ಸಾಕು." ಆಮೇಲೆ ಸ್ಟೀರಿಂಗ್ ಬಿಚ್ಚುತ್ತ, ಮೆತ್ತಗೆ, "ನಾ ಓದಿದಾಂವ ಅಲ್ಲ. ಆದ್ರ ಏರಿನ್ಯಾಗ ಗಾಡಿ ಬಂದ್ ಬಿದ್ರ ನಾವು ಮೊದಲ ಇಂಜಿನ್ ಬಿಚ್ಚಂಗಿಲ್ಲ. ಡೀಸೆಲ್ ಪೈಪ್ ನೋಡತೇವಿ. ಸಪಾಟ ರಸ್ತಾದಾಗ ಓಡತೈತಿ, ಏರಿನ್ಯಾಗ ನಿಲ್ಲತೈತಿ ಅಂದ್ರ ಇಂಜಿನ್‌ಗೆ ಡೀಸೆಲ್ ಸಾಲವಲ್ದು ಅಂತ. ಅವತ್ತೂ ಸವದತ್ತಿಯೊಳಗ ಹಂಗ ಆಗಿತ್ತು, ಫಿಲ್ಟರ್ ಕಟ್ಟಿತ್ತು" ಎಂದರು.

ಅವರು ಬಸ್ ಹತ್ತಿ ಹೋದ ಮೇಲೆ ನಾನು ಕ್ಯಾಬಿನೆಟ್ಟಿನ ಮುಂದೆ ಪೆಚ್ಚಾಗಿ ಕುಳಿತೆ. ಇಡೀ ವಾರ ಎಲ್ಲವನ್ನೂ ಬಿಚ್ಚಿದ್ದೆ, ಎಸ್‌ಎಂಪಿಎಸ್ ಒಂದನ್ನು ಬಿಟ್ಟು. ಯಾಕೆಂದರೆ ಅದನ್ನು ನನ್ನ ಕೈ ಆರಿಸಿತ್ತು.

ಮೊದಲು ಅದನ್ನು ಕಂಪ್ಯೂಟರಿನಿಂದ ಬಿಡಿಸಿ, ದೊಡ್ಡ ಕನೆಕ್ಟರಿನ ಹಸಿರು ತಂತಿಗೂ ಕಪ್ಪು ತಂತಿಗೂ ನನ್ನ ಕೂದಲಿನ ಪಿನ್ನು ಸಿಕ್ಕಿಸಿದೆ. ಒಂಟಿಯಾಗಿ ಚಾಲೂ ಮಾಡಲು ಇದೇ ಉಪಾಯ. ಹಳದಿ ತಂತಿಗೆ ಮೀಟರ್ ಹಿಡಿದೆ. ಹನ್ನೆರಡು ವೋಲ್ಟಿನ ಜಾಗದಲ್ಲಿ ಹನ್ನೆರಡೂ ಚಿಲ್ಲರೆ, ಸುಖವಾಗಿತ್ತು. ಕೆಲಸವಿಲ್ಲದಾಗ ಯಾರು ತಾನೇ ಸುಖವಾಗಿರುವುದಿಲ್ಲ? ಮತ್ತೆ ಕಂಪ್ಯೂಟರಿಗೆ ಜೋಡಿಸಿ, ಮೀಟರಿನ ಕಡ್ಡಿಯನ್ನು ಅಲ್ಲೇ ಸಿಕ್ಕಿಸಿ, ನಾನೇ ಕೀಬೋರ್ಡಿನಿಂದ ಬಸ್ಸು ಓಡಿಸಿಕೊಂಡು ಹೊರಟೆ. ಎರಡು ಬೇವಿನ ಮರ, ಒಂದು ಚಹಾದ ಅಂಗಡಿ ಬಲಿಯಾದವು. ಬಯಲಿನಲ್ಲಿ ಹನ್ನೊಂದು ಮುಕ್ಕಾಲು. ಸವದತ್ತಿ ಹತ್ತಿರವಾದಂತೆ ಹನ್ನೊಂದೂವರೆ, ಹನ್ನೊಂದೂಕಾಲು. ಹನ್ನೊಂದು ಬಿಂದು ನಾಲ್ಕಕ್ಕಿಂತ ಕೆಳಗಿಳಿದರೆ ಕಂಪ್ಯೂಟರಿಗೆ ಅಪಾಯ. ಸ್ಟ್ಯಾಂಡಿನ ಜನ ಕಾಣಿಸಿದ ಕೂಡಲೇ ಹನ್ನೊಂದಕ್ಕೆ ಬಿದ್ದು ಆರಿತು.

ಆಗ ಡಬ್ಬಿಯ ಮೈಮೇಲಿನ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಏಳುನೂರೈವತ್ತರ ದಪ್ಪ ಅಕ್ಷರದ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದ ಕೋಷ್ಟಕವಿತ್ತು. ಹನ್ನೆರಡು ವೋಲ್ಟಿನ ಸಾಲಿನಲ್ಲಿ ಮೂವತ್ತು ಆಂಪಿಯರ್. ಹನ್ನೆರಡನ್ನು ಮೂವತ್ತರಿಂದ ಗುಣಿಸಿದರೆ ಮುನ್ನೂರರವತ್ತು ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಆ ಒಂದೇ ಸಾಲಿನಿಂದ. ಕಾರ್ಡ್ ಒಂದಕ್ಕೇ ಮುನ್ನೂರಿಪ್ಪತ್ತು ಬೇಕು. ಐದನೆಯ ಇಯತ್ತೆಯ ಗುಣಾಕಾರ! ಅದನ್ನು ಮಾಡದೆ ಅಂಗೈಯಲ್ಲಿ ಆಡಿಸಿದ್ದೆ.

ಇಲ್ಲೊಂದು ಅಡ್ಡದಾರಿ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಕಾರ್ಡ್ ಎಷ್ಟು ಕರೆಂಟು ಎಳೆಯಬೇಕೆಂದು ಸಾಫ್ಟ್‌ವೇರಿನಲ್ಲೇ ಮಿತಿ ಹಾಕಬಹುದು. ಶೇಕಡಾ ಅರವತ್ತಕ್ಕೆ ಇಳಿಸಿ ನೋಡಿದೆ. ಸ್ಟ್ಯಾಂಡಿನಲ್ಲಿ ಕಂಪ್ಯೂಟರ್ ಆರಲಿಲ್ಲ. ಚಿತ್ರ ತಡವರಿಸುತ್ತಿತ್ತು, ಆದರೂ ಬಸ್ಸು ಮುಂದೆ ಹೋಗುತ್ತಿತ್ತು. ಹೀಗೇ ಕೊಟ್ಟು ರಿಪೇರಿ ಆಯಿತು ಎಂದರೆ ಚಾಚಾಗೆ ಎಲ್ಲಿ ಗೊತ್ತಾಗಬೇಕು? ನನ್ನ ಕೈಯ ಮರ್ಯಾದೆಯೂ ಉಳಿಯುತ್ತಿತ್ತು. ಸುಳ್ಳೇಕೆ, ಮಧ್ಯಾಹ್ನದವರೆಗೆ ಹಾಗೇ ಮಾಡುವವಳಿದ್ದೆ.

ಆದರೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಇಷ್ಟು ಬಡಕಲು ಆಸಾಮಿ ಅಷ್ಟೊಂದು ಭಾರ ಯಾಕಿದ್ದಾನೆ? ಗೋಡೆಯ ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ. ಅದಕ್ಕೇ ಪ್ಲಗ್ಗು ಕಿತ್ತಿಟ್ಟು, ಊಟ ಮುಗಿಸಿ ಬಂದು, ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಹೆಬ್ಬೆರಳಿನಷ್ಟು ಟ್ರಾನ್ಸ್‌ಫಾರ್ಮರು, ಅರ್ಧ ಖಾಲಿ ಬೋರ್ಡು. ಅದರ ಕೆಳಗೆ, ಕರೀ ಕಾಗದದಲ್ಲಿ ಸುತ್ತಿ ಅಂಟಿಸಿದ ಒಂದು ಗಟ್ಟಿ ಬಿಲ್ಲೆ. ಕಾಗದ ಹರಿದೆ. ಸಿಮೆಂಟು!

ಯಾರೋ ಎಲ್ಲೋ ಕುಳಿತು ನಮ್ಮ ರೂಢಿಯನ್ನು ನಮಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು. ಸಿಟ್ಟು ನೆತ್ತಿಗೇರಿತು, ಹಿಂದೆಯೇ ನಗುವೂ ಬಂತು. ಒಬ್ಬಳೇ ಕುಳಿತು ನಗುವುದನ್ನು ಕಂಡು ಎದುರಿನ ಟೇಲರ್ ಬಾಗಿಲಿಗೆ ಬಂದು ನೋಡಿ ಹೋದ. ಕೈಯಲ್ಲಿ ಸಿಮೆಂಟ್ ಹಿಡಿದುಕೊಂಡು ಚಾಚಾಗೆ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ. ಫೋನ್ ಹಚ್ಚಿದೆ.

"ಚಾಚಾ, ನಿಮ್ಮ ಮಾತ ಖರೆ ಆತ್ರಿ. ಡೀಸೆಲ್ ಪೈಪ್‌ದ್ದ ತಕರಾರು. ತಪ್ಪು ನಂದ. ತೂಕ ನೋಡಿ ತಗೊಂಡಿದ್ನಿ, ಒಳಗ ಸಿಮೆಂಟ್ ತುಂಬ್ಯಾರ."

ಆ ಕಡೆ ನಗು ಒಡೆಯಿತು. "ಸಿಮೆಂಟ್? ಹಿತ್ತಲ ಗ್ವಾಡಿ ಬಿದ್ದೈತಿ ತಂಗೀ, ಕಳಸಿಬಿಡು!" ನಗು ನಿಂತ ಮೇಲೆ ಕೇಳಿದರು, "ರವಿವಾರಕ್ಕ ಆಗತೈತೇನವಾ?"

"ನಾನ ಹುಬ್ಬಳ್ಳಿಗೆ ಹೋಗಿ ತರತೇನಿ," ಎಂದೆ.

ಹೋಲ್‌ಸೇಲ್ ವ್ಯಾಪಾರಿಗೆ ಫೋನಿನಲ್ಲಿ ಚೆನ್ನಾಗಿ ಬೈದೆ. ಆತ ಬೈಗುಳವೆಲ್ಲ ಕೇಳಿಸಿಕೊಂಡು, "ಸಾವಿರ ವ್ಯಾಟಿಂದು ಐತ್ರಿ ಅಕ್ಕಾರ, ಅದೂ ಮಸ್ತ್ ಭಾರ ಐತಿ" ಎಂದ! ಫೋನ್ ಇಟ್ಟು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಕಾರ್ಡಿಗೆ ಮುನ್ನೂರಿಪ್ಪತ್ತು, ಪ್ರೊಸೆಸರಿಗೆ ನೂರೈವತ್ತು, ಫ್ಯಾನು, ಡಿಸ್ಕು ಇತ್ಯಾದಿ ಸೇರಿ ಐನೂರೈವತ್ತರ ಒಳಗೆ. ಆದರೆ ಇಂಥ ಕಾರ್ಡುಗಳಿಗೆ ಒಂದು ಚಟವಿದೆ. ಕಣ್ಣು ಮಿಟುಕಿಸುವುದರೊಳಗೆ ಒಮ್ಮೆಲೇ ಎರಡರಷ್ಟು ಕರೆಂಟು ಜಗ್ಗುತ್ತವೆ. ಆ ಜಗ್ಗಾಟ ತಾಳಬೇಕು. ಎಂಟುನೂರೈವತ್ತು ಸಾಕು, ಸಾವಿರ ಬೇಡ. ಹನ್ನೆರಡು ವೋಲ್ಟಿನ ಸಾಲಿನಲ್ಲಿ ಎಪ್ಪತ್ತು ಆಂಪಿಯರ್ ಇರಲೇಬೇಕು. ಕಾರ್ಡಿಗೆ ನೇರ ಕೇಬಲ್ ಬೇಕು, ಹಳೆಯದಕ್ಕೆ ಮಾಡಿದ ಹಾಗೆ ನಡುವೆ ಅಡಾಪ್ಟರ್ ತಂತಿ ಸಿಕ್ಕಿಸಬಾರದು.

ಹುಬ್ಬಳ್ಳಿಯಲ್ಲಿ ಮೂರನೆಯ ಅಂಗಡಿಯಲ್ಲಿ ಅದು ಸಿಕ್ಕಿತು. ಕೋಷ್ಟಕ ಓದಿದೆ, ಆಂಪಿಯರ್ ನೋಡಿದೆ, ಗುಣಿಸಿದೆ, ಎಲ್ಲ ಸರಿ. ಅಭ್ಯಾಸಬಲದಿಂದ ಅಂಗೈ ಮೇಲಿಟ್ಟೆ. ಸಿಮೆಂಟಿನದಕ್ಕಿಂತ ಹಗುರ! ಕೈ ಅದನ್ನು ತಿರುಗಿ ಕೌಂಟರಿನ ಮೇಲೆ ಇಟ್ಟುಬಿಟ್ಟಿತು. ಮತ್ತೆ ಓದಿದೆ, ಮತ್ತೆ ಎತ್ತಿದೆ, ಮತ್ತೆ ಇಟ್ಟೆ. "ಅಕ್ಕಾರ, ತಗೊಳ್ಳೂರೋ ತೂಗೂರೋ?" ಎಂದು ಅಂಗಡಿಯಾತ ಕೇಳಿದ. ಹದಿನಾರು ವರ್ಷದ ಕೈಗೆ ಕಡೆಗೂ ಕಣ್ಣಿನ ಮಾತು ಕೇಳಿಸಿ ಅದನ್ನು ಚೀಲಕ್ಕೆ ಹಾಕಿದೆ.

ಶನಿವಾರ ನೇಸರಗಿಯಲ್ಲಿ ಕೂರಿಸಿದೆ. ಬಸ್ಸು ಕಿತ್ತೂರು ಬಿಟ್ಟಿತು, ನಾನು ಮೀಟರ್ ಹಿಡಿದು ಮೊಣಕಾಲೂರಿ ಕುಳಿತೆ. ಸವದತ್ತಿ ಸ್ಟ್ಯಾಂಡಿಗೆ ತಿರುಗಿತು. ಹನ್ನೆರಡಕ್ಕಿಂತ ಕೂದಲೆಳೆಯಷ್ಟೂ ಕೆಳಗಿಳಿಯಲಿಲ್ಲ. ಹುಣ್ಣಿಮೆಯ ಮಂದಿಯೆಲ್ಲ ಪರದೆ ತುಂಬ ಓಡಾಡಿದರು. ನಾನು ಕುಣಿಯುವುದೊಂದು ಬಾಕಿ. "ಹೊಡೀರಿ ಚಾಚಾ, ಮುಂದ ಹೊಡೀರಿ!" ಎಂದರೆ ಚಾಚಾ ಹ್ಯಾಂಡ್‌ಬ್ರೇಕ್ ಎಳೆದುಬಿಟ್ಟರು. "ಇಲ್ಲಿಂದ ಮುಂದ ಅವ ಬಂದ ಮ್ಯಾಲ."

ಅಷ್ಟರಲ್ಲಿ ಊರಿನ ಕರೆಂಟು ಹೋಯಿತು. ಮನೆಯ ಇನ್ವರ್ಟರ್ ಕಟ್ ಎಂದು ಹತ್ತಿಕೊಂಡಿತು, ದೀಪ, ಫ್ಯಾನು ಎಲ್ಲ ನಡೆದವು, ಕಂಪ್ಯೂಟರ್ ಮಾತ್ರ ಸತ್ತು ಬಿತ್ತು. ನೋಡಿದರೆ ಅಗ್ಗದ ಇನ್ವರ್ಟರ್ ಕೊಡುವ ಕರೆಂಟು ಲೈನಿನ ಕರೆಂಟಿನಂತೆ ನಯವಾಗಿರುವುದಿಲ್ಲ, ಒರಟೊರಟು. ದೀಪ ಅದನ್ನು ತಿಂದುಕೊಂಡಿರುತ್ತದೆ, ಒಳ್ಳೆಯ ಜಾತಿಯ ಎಸ್‌ಎಂಪಿಎಸ್ ಮುಖ ತಿರುಗಿಸುತ್ತದೆ. ನಯವಾದ ಕರೆಂಟು ಕೊಡುವ ದೊಡ್ಡ ಯುಪಿಎಸ್ ಒಂದು ನನ್ನ ಅಂಗಡಿಯಲ್ಲೇ ಇತ್ತು. ರವಿವಾರ ಅಂಗಡಿ ರಜೆ. ಬೆಳಿಗ್ಗೆ ಅದನ್ನು ಸ್ಕೂಟರಿನ ಮುಂದೆ ಕಾಲುಗಳ ನಡುವೆ ಇಟ್ಟುಕೊಂಡು, ಗುಂಡಿ ತಪ್ಪಿಸುತ್ತ ಮತ್ತೆ ನೇಸರಗಿಗೆ ಹೋದೆ.

ಕಂಡಕ್ಟರು ಹತ್ತು ಗಂಟೆಗೆ ಬಂದರು. ತೆಳ್ಳಗಿನ ಆಳು, ದಪ್ಪ ಕನ್ನಡಕ, ಹೆಗಲಿಗೆ ಹಳೆಯ ಚರ್ಮದ ಚೀಲ. ಪರದೆಗಳನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, "ಇದೇನೋ ದೋಸ್ತಾ, ಸಿನಿಮಾ ತೋರಸ್ತಿಯೇನು?" ಎಂದರು. ಚಾಚಾ ಕಿತ್ತೂರಿನಿಂದ ಗಾಡಿ ಬಿಟ್ಟರು.

ಮೊದಲ ತಿರುವಿಗೇ ಅವರಿಗೆ ತಿಳಿಯಿತು. ಬೆನ್ನು ನೆಟ್ಟಗಾಯಿತು. ಆಮೇಲೆ ಒಂದೊಂದು ಸ್ಟಾಪೂ ಪರದೆಯ ಮೇಲೆ ಬರುವ ಮೊದಲೇ ಅವರ ಬಾಯಿಂದ ಬರತೊಡಗಿತು. "ಗೇರ್ ಇಳಸು, ಇಲ್ಲಿ ಎಮ್ಮಿ ಅಡ್ಡ ಬರತಾವ" ಎಂದರು. ನಿಜವಾಗಿಯೂ ಎಮ್ಮೆ ಬಂತು, ಚಾಚಾ ಅದನ್ನೂ ಇಟ್ಟಿದ್ದರು. ಬೈಲಹೊಂಗಲ ದಾಟಿದ ಮೇಲೆ ಊರಿನ ಕರೆಂಟು ಹೋಗಿ ನನ್ನ ಯುಪಿಎಸ್ ಕುಂಯ್ ಕುಂಯ್ ಎಂದಿತು. "ಯಾವನಪಾ ಹಿಂದಿಂದ ಹಾರ್ನ್ ಹೊಡ್ಯಾಂವ, ಸೈಡ್ ಕೊಡಬ್ಯಾಡ," ಎಂದರು ಕಂಡಕ್ಟರು. ಬಸ್ಸು ನಿಲ್ಲಲಿಲ್ಲ.

ಸವದತ್ತಿ ಬಂತು. ಬಸ್ಸು ಸ್ಟ್ಯಾಂಡಿಗೆ ತಿರುಗಿ, ಮಂದಿಯ ನಡುವೆ ನಿಂತಿತು. ನಿಂತೇ ಇತ್ತು. ನಾನು ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಅಲುಗಾಟವಿಲ್ಲ.

"ಚಾಚಾ, ಹ್ಯಾಂಗ್ ಆತೇನ್ರಿ?"

ಚಾಚಾ ತಿರುಗಲಿಲ್ಲ. "ಸೀಟಿ ಆಗಿಲ್ಲ ತಂಗೀ. ಸೀಟಿ ಇಲ್ಲದ ನಾ ಗಾಡಿ ಎತ್ತಾಂವಲ್ಲ."

ಕಂಡಕ್ಟರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಎರಡು ಬೆರಳು ಬಾಯಿಗಿಟ್ಟು ಊದಿದರು. ಬರೀ ಗಾಳಿ ಬಂತು. ಮತ್ತೆ ಊದಿದರು, ಮತ್ತೆ ಗಾಳಿ. "ಹಲ್ಲಿನ ಸೆಟ್ ಹಾಕಿಸಿದ ಮ್ಯಾಲ ಸೀಟಿ ಹೋತೋ ದೋಸ್ತಾ," ಎಂದರು. ಚಾಚಾ ಕದಲಲಿಲ್ಲ. ಆಗ ಕಂಡಕ್ಟರು ಪಕ್ಕಕ್ಕೆ ಬಾಗಿ, ಬಸ್ಸಿನ ತಗಡಿಗೆ ಬಡಿಯುವ ಹಾಗೆ, ನಾನು ಮೂರು ವಾರ ಹೆಣಗಾಡಿ ಕಟ್ಟಿದ ಕ್ಯಾಬಿನೆಟ್ಟಿಗೆ ಅಂಗೈಯಿಂದ ಎರಡು ಸಲ ಢಬ್ ಢಬ್ ಎಂದು ಬಡಿದರು.

"ರೈಟ್!"

ನಾನು ಕಣ್ಣು ಮುಚ್ಚಿಕೊಂಡೆ. ಕತ್ತಲಲ್ಲಿ ಕೇಳಿಸಿದ್ದು ಫ್ಯಾನಿನ ಸದ್ದು, ಅದರ ಮೇಲೆ ಇಂಜಿನ್ನಿನ ಸದ್ದು, ಫಸ್ಟ್ ಗೇರು, ಸೆಕೆಂಡ್ ಗೇರು. ಕಣ್ಣು ತೆರೆದಾಗ ಸವದತ್ತಿಯ ಸ್ಟ್ಯಾಂಡು ಪಕ್ಕದ ಪರದೆಯಲ್ಲಿ ಹಿಂದಕ್ಕೆ ಸರಿಯುತ್ತಿತ್ತು.

ರಾಮದುರ್ಗ ಬಂತು. ಬಸ್ಸು ನಿಂತ ಮೇಲೆ ಕಂಡಕ್ಟರು ಚಾಚಾರ ಹೆಗಲ ಮೇಲೆ ಕೈಯಿಟ್ಟರು. "ಟ್ರಿಪ್ ಮುಗೀತು ನೋಡು. ಈಗ ನೀ ಖರೆ ರಿಟೈರ್ ಆದಿ."

ನಾನು ಕಣ್ಣು ಒರೆಸಿಕೊಂಡು, ಯುಪಿಎಸ್ ಬಿಚ್ಚಿ ಒಯ್ಯಲು ಎದ್ದೆ. ಚಾಚಾ ಆಗಲೇ ಸ್ಟೀರಿಂಗನ್ನು ಪೂರಾ ಬಲಕ್ಕೆ ತಿರುಗಿಸುತ್ತಿದ್ದರು.

"ಎಲ್ಲಿ ರಿಟೈರೋ? ವಾಪಸ್ ಟ್ರಿಪ್ ಯಾರ ಹೊಡೀತಾರ? ತಂಗೀ, ಕುಂದ್ರವಾ, ಗಾಡಿ ಎತ್ತತೇನಿ."

ನಾನು ಮತ್ತೆ ಕುಳಿತೆ.